ಖಾಲಿ ಬರುತ್ತಿದ್ದ ರೊಟ್ಟಿ ಡಬ್ಬಿ

ನನ್ನ ಮಗಳಿಗೆ ಹತ್ತು ತಿಂಗಳಾದರೂ ಕೂರಲು ಬರಲಿಲ್ಲ. ಎತ್ತಿಕೊಂಡರೆ ಒದ್ದೆ ಟವೆಲ್ಲಿನ ಹಾಗೆ ಹೆಗಲ ಮೇಲಿಂದ ಜಾರುತ್ತಿದ್ದಳು. ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಸ್ನಾಯುಗಳ ಬಿಗಿ ಕಡಿಮೆ, ಬುದ್ಧಿಗೇನೂ ತೊಂದರೆಯಿಲ್ಲ, ನಡಿಗೆ ತಡವಾಗಿ ಬರುತ್ತದೆ, ಬೇಗ ದಣಿಯುತ್ತಾಳೆ ಎಂದರು. ರಾಣೆಬೆನ್ನೂರಿನಲ್ಲಿರುವ ನಮ್ಮವ್ವನಿಗೆ ಫೋನಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದೆ.

ಅವ್ವ ಕೇಳಿಸಿಕೊಂಡು, "ಗಟ್ಟಿ ತಿಂದ್ರ ಗಟ್ಟಿ ಆಗ್ತಾಳ. ನೀವು ಬರೇ ಅನ್ನ ಉಣಿಸಿ ಕೂಸಿನ್ನ ಮೆತ್ತಗ ಮಾಡೀರಿ" ಅಂದಳು.

ಎಂಜಿನಿಯರಿಂಗ್ ಓದಿದ ನಾನು ಡಾಕ್ಟರ ಮಾತನ್ನು ಫೈಲಿನಲ್ಲಿಟ್ಟೆ, ಅವ್ವನ ಮಾತನ್ನು ನಂಬಿದೆ.

ಮಗಳು ಸ್ಕೂಲಿಗೆ ಸೇರಿದ ಮೇಲೆ ಊರಿನಿಂದ ಖಡಕ್ ಜೋಳದ ರೊಟ್ಟಿಯ ಕಟ್ಟು ತಿಂಗಳಿಗೊಮ್ಮೆ ರಾತ್ರಿ ಬಸ್ಸಿನಲ್ಲಿ ವೈಟ್‌ಫೀಲ್ಡಿಗೆ ಬರತೊಡಗಿತು. ಹಪ್ಪಳದ ಹಾಗೆ ಒಣಗಿದ ರೊಟ್ಟಿ. ಮುರಿದರೆ ಪಕ್ಕದ ಫ್ಲ್ಯಾಟಿಗೆ ಕೇಳಬೇಕು. ಅದನ್ನು ತುಂಡು ಮಾಡಿ, ಶೇಂಗಾ ಚಟ್ನಿಪುಡಿ, ಒಣ ಪಲ್ಯದ ಜೊತೆ ಡಬ್ಬಿಗೆ ಹಾಕುತ್ತಿದ್ದೆ. ನಮ್ಮ ಮನೆತನದವರೆಲ್ಲ ಇದನ್ನು ತಿಂದೇ ಬೆಳೆದವರು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಮಾತ್ರ ಇದು ಒಗ್ಗುವುದಿಲ್ಲ ಎಂದರೆ ಒಪ್ಪುವುದು ಹೇಗೆ?

ಎರಡನೇ ಕ್ಲಾಸಿನಲ್ಲಿ ಮೊದಲ ಕೆಲವು ತಿಂಗಳು ಡಬ್ಬಿ ಅರ್ಧ ವಾಪಸ್ಸು ಬರುತ್ತಿತ್ತು. ವ್ಯಾನಿನಿಂದ ಇಳಿದವಳು ಲಿಫ್ಟಿನವರೆಗೆ ನಡೆಯಲಾರದೆ ಸೆಕ್ಯುರಿಟಿಯವರ ಕುರ್ಚಿಯಲ್ಲಿ ಕುಸಿಯುತ್ತಿದ್ದಳು. ಹೀಗೇ ಆದರೆ ಮಧ್ಯಾಹ್ನವೇ ಮನೆಗೆ ಕರೆದುಕೊಂಡು ಹೋಗಿ, ಪೂರ್ತಿ ದಿನ ಅವಳಿಗೆ ಆಗುವುದಿಲ್ಲ ಎಂದು ಸ್ಕೂಲಿನವರು ಹೇಳಿದರು. ಆ ಸಿಟ್ಟನ್ನೆಲ್ಲ ನಾನು ಮಗುವಿನ ಮೇಲೆ ತೀರಿಸಿಕೊಂಡೆ. ಮೈಗಳ್ಳಿ ಎಂದೆ. ಡಬ್ಬಿ ಖಾಲಿಯಾಗಿ ಬರದಿದ್ದರೆ ನೋಡು ಎಂದು ಹೆದರಿಸಿದೆ. ಏಳು ವರ್ಷದ ಮಗುವಿಗೆ ಆಡಿದ ಮಾತುಗಳಿವು.

ದಸರಾ ರಜೆಯ ನಂತರ ಡಬ್ಬಿ ತೊಳೆದಿಟ್ಟ ಹಾಗೆ ಖಾಲಿ ಬರತೊಡಗಿತು. ಆಶ್ಚರ್ಯವೆಂದರೆ ಮಗಳೂ ಚೇತರಿಸಿಕೊಂಡಳು. ಸಂಜೆ ವ್ಯಾನಿನಿಂದ ಇಳಿದು ಬ್ಯಾಗನ್ನು ತಾನೇ ಹೊತ್ತು ಬರುತ್ತಿದ್ದಳು. ಒಂದು ದಿನ ಲಿಫ್ಟ್ ಕೆಟ್ಟಾಗ ಕಂಬಿ ಹಿಡಿದು ಎರಡು ಮಹಡಿ ಹತ್ತಿದಳು. ಮಧ್ಯಾಹ್ನ ಕಳಿಸುವ ಮಾತನ್ನು ಸ್ಕೂಲಿನವರು ಮತ್ತೆ ಎತ್ತಲಿಲ್ಲ. ಅವ್ವನಿಗೆ ಫೋನು ಮಾಡಿ ನಿನ್ನ ರೊಟ್ಟಿಯೇ ಗೆದ್ದಿತು ಎಂದೆ. ಆಫೀಸಿನಲ್ಲಿ ಕಂಡವರಿಗೆಲ್ಲ ಜೋಳದ ಮಹಿಮೆ ಕೊರೆದೆ.

ಜನವರಿಯಲ್ಲಿ ಪೇರೆಂಟ್ಸ್ ಮೀಟಿಂಗಿಗೆ ಬೇಗ ತಲುಪಿಬಿಟ್ಟೆ. ಊಟದ ಹೊತ್ತು. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಆಯಾ ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಸ್ಟೀಲ್ ಡಬ್ಬಿಯಿಂದ ರಾಗಿಮುದ್ದೆಯನ್ನು ಕಡಲೆಕಾಳಿನಷ್ಟು ಚೂರು ಮಾಡಿ, ನುಣ್ಣಗೆ ಮಸೆದ ಹುರುಳಿಕಾಳಿನ ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದಳು. ಆಯಾಳ ಮಡಿಲಲ್ಲಿ ನಾನು ಕಳಿಸಿದ ಡಬ್ಬಿ. ನಮ್ಮವ್ವನ ಖಡಕ್ ರೊಟ್ಟಿಯನ್ನು ಅದೇ ಸಾರಿನಲ್ಲಿ ನೆನೆಹಾಕಿ ತಾನು ತಿನ್ನುತ್ತಿದ್ದಳು.

ಆಯಾ ಅಲ್ಲೇ ಪಕ್ಕದ ಹಳ್ಳಿಯವಳು, ಐವತ್ತು ದಾಟಿದವಳು. ನನ್ನನ್ನು ಕಂಡು ಎದ್ದು ನಿಂತು, "ಮೇಡಂ, ಮಗೀಗೆ ಅಗಿಯಾಕೆ ಆಗಾಕಿಲ್ಲ. ಅಗ್ಯೋದ್ರಾಗೇ ಅದ್ರ ಶಕ್ತಿಯೆಲ್ಲಾ ಓಗ್ಬುಡ್ತದೆ" ಅಂದಳು.

"ನೀವೇನು ಡಾಕ್ಟರಾ?" ಅಂದೆ.

ಅಂದು ಸಂಜೆ ಸ್ಕೂಲಿಗೆ ಮೇಲ್ ಬರೆದೆ. ಶುಚಿತ್ವ, ಸುರಕ್ಷತೆ, ಮಗುವಿನ ಊಟ ಕಸಿದದ್ದು, ಎಲ್ಲ ಬರೆದೆ. ಮನಸ್ಸಿನಲ್ಲಿದ್ದದ್ದು ಬೇರೆ: ಯಾರ ಮನೆಯದೋ, ಯಾವ ಪಾತ್ರೆಯಲ್ಲಿ ಏನೇನು ಬೆಂದಿತ್ತೋ ಎಂಬ ಅಸಹ್ಯ. ಸಮಾನತೆಯ ಮಾತಾಡುವ ಧರ್ಮದಲ್ಲಿ ಹುಟ್ಟಿ, ಬೆಳಗೆದ್ದು ವಿಭೂತಿ ಹಚ್ಚಿಕೊಳ್ಳುವವಳು ನಾನು. ಆ ಮಾತನ್ನು ಬರೆಯುವ ಧೈರ್ಯ ನನಗಿರಲಿಲ್ಲ, ಅಷ್ಟೇ. ವಾರದೊಳಗೆ ಆಯಾಳನ್ನು ಕೆಲಸದಿಂದ ಬಿಡಿಸಿದರು.

ಆಮೇಲೆ ಡಬ್ಬಿ ಮತ್ತೆ ತುಂಬಿಕೊಂಡು ಬಂತು, ಮಗಳು ಮತ್ತೆ ಕುರ್ಚಿಯಲ್ಲಿ ಕುಸಿದಳು. ಫೆಬ್ರವರಿಯಿಂದ ಸ್ಕೂಲಿನವರು ಹನ್ನೆರಡಕ್ಕೇ ಮನೆಗೆ ಕಳಿಸತೊಡಗಿದರು. ಗಾಬರಿಬಿದ್ದು ಇಂಥ ಮಕ್ಕಳನ್ನು ನೋಡುವ ಥೆರಪಿಸ್ಟ್ ಬಳಿ ಹೋದೆ. ದಿನಾ ತಿನ್ನುವುದನ್ನೇ ತನ್ನಿ, ನನ್ನೆದುರು ತಿನ್ನಲಿ ಎಂದರು. ಮಗಳು ಒಂದು ಚೂರು ರೊಟ್ಟಿ ಬಾಯಿಗಿಟ್ಟುಕೊಂಡು ಅಗಿದಳು, ಅಗಿದಳು. ಸ್ವಲ್ಪ ಹೊತ್ತಿಗೆ ಅಂಗೈಯನ್ನು ಗದ್ದಕ್ಕೆ ಕೊಟ್ಟು ದವಡೆಯನ್ನು ತಾನೇ ಎತ್ತಿ ಹಿಡಿದುಕೊಂಡಳು. ಹಾಗೆ ಕೈ ಕೊಟ್ಟು ಕೂತಾಗಲೆಲ್ಲ ನಾನು ಅದನ್ನು ಸೋಮಾರಿತನ ಎಂದುಕೊಂಡಿದ್ದೆ.

ದವಡೆಯೂ ಸ್ನಾಯುವೇ, ತಿನ್ನುವುದೇ ಇವಳಿಗೆ ದೊಡ್ಡ ಕೆಲಸ, ಮೆತ್ತಗಿನದನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ, ಬೇಳೆಕಾಳು ಜಾಸ್ತಿಯಿರಲಿ ಎಂದರು ಥೆರಪಿಸ್ಟ್. ಆಯಾ ಹೇಳಿದ ಮಾತೇ. ಇವರು ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆ ನನ್ನ ತಲೆಗೆ ಹೋಯಿತು.

ಮನೆಗೆ ಬರುವಾಗ ಕಾರಿನಲ್ಲಿ ಮಗಳನ್ನು ಕೇಳಿದೆ, ಯಾಕೆ ಮೊದಲೇ ಹೇಳಲಿಲ್ಲ ಎಂದು. "ಡಬ್ಬಿ ಖಾಲಿ ಇದ್ರೇನೇ ನೀನು ನನ್ ಜೊತೆ ಚೆನ್ನಾಗ್ ಮಾತಾಡ್ತಿದ್ದೆ ಮಮ್ಮಿ" ಅಂದಳು.

ಆ ಭಾನುವಾರವೇ ಆಯಾಳ ಮನೆ ಹುಡುಕಿಕೊಂಡು ಹೋದೆ. ಅದಕ್ಕೆ ಮೊದಲು ಸ್ಕೂಲಿಗೆ ಇನ್ನೊಂದು ಮೇಲ್ ಬರೆದು ತಪ್ಪೊಪ್ಪಿಕೊಂಡಿದ್ದೆ. ಆ ಜಾಗಕ್ಕೆ ಬೇರೆಯವರು ಬಂದಾಗಿದೆ ಎಂದು ಉತ್ತರ ಬಂದಿತ್ತು. ಅವಳೀಗ ಟೆಕ್ ಪಾರ್ಕೊಂದರಲ್ಲಿ ನೆಲ ಒರೆಸುತ್ತಿದ್ದಳು. ನಾನು ಕೈಮುಗಿದು ತಪ್ಪಾಯಿತು ಎಂದೆ. ಅವಳು ಮಗು ಹೇಗಿದೆ, ಏನು ಉಣ್ಣುತ್ತದೆ ಎಂದು ವಿಚಾರಿಸಿದಳು. ಮುದ್ದೆಯನ್ನು ಗಂಟಿಲ್ಲದಂತೆ ತಿರುವುವುದನ್ನು ನನ್ನನ್ನು ಒಲೆಯ ಮುಂದೆ ನಿಲ್ಲಿಸಿಕೊಂಡು ತೋರಿಸಿಕೊಟ್ಟಳು.

ಹೊರಡುವಾಗ ಏನಾದರೂ ಒಳ್ಳೆಯ ಮಾತಾಡಬೇಕೆನಿಸಿತು. ನಿಮಗೆ ನಮ್ಮ ರೊಟ್ಟಿ ಇಷ್ಟವಲ್ಲವೇ, ಮುಂದಿನ ಕಟ್ಟು ಬಂದಾಗ ತಂದುಕೊಡುತ್ತೇನೆ ಎಂದೆ. ಅವಳು ಸಂಕೋಚದಿಂದ ನಕ್ಕಳು. ಆಗಲೇ ನಾನು ನೋಡಿದ್ದು, ಅವಳಿಗೆ ಎರಡೂ ಕಡೆ ದವಡೆ ಹಲ್ಲುಗಳಿರಲಿಲ್ಲ.

"ಬ್ಯಾಡಕ್ಕ, ಅದ ತಿನ್ನಾಕೆ ನಂಗೂ ಆಗಾಕಿಲ್ಲ" ಅಂದಳು. "ಡಬ್ಬಿ ಅಂಗೇ ಓದ್ರೆ ನೀವು ಬೈತೀರ ಅಂತ ಮಗು ಅಳ್ತಿತ್ತು. ಅದ್ಕೇ ದಿನಾ ನೆನ್ಸಿ ನುಂಗ್ತಿದ್ದೆ."