ಕಣ್ಣಿಲ್ಲದ ಹಂಸಗಳು

ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ನನ್ನದು ಚೆಕಿಂಗ್ ಕೆಲಸ. ಎದೆಯ ಮೇಲೆ ಹುಲಿಮುಖ ಅಚ್ಚಾದ ಅಂಗಿಗಳು ಮೇಜಿನ ಮೇಲೆ ಬಂದು ಬೀಳುತ್ತಲೇ ಇರುತ್ತವೆ. ಮೀಸೆ, ಹಲ್ಲು, ಕಣ್ಣು ಎಲ್ಲ ಮಿಷನ್ನಿನಲ್ಲಿ ಒಂದೇ ಏಟಿಗೆ ಬಂದುಬಿಡುತ್ತವೆ. ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ಅಪ್ಪ ನೇಯುವ ಸೀರೆಯ ಅಂಚಿನಲ್ಲಿ ಜರಿಯ ಹಂಸಗಳು ಸಾಲಾಗಿ ನಡೆಯುತ್ತಿದ್ದವು. ಮಗ್ಗ ಹಕ್ಕಿಯ ಮೈಯನ್ನೆಲ್ಲ ಮಾಡಿಕೊಟ್ಟು ಕಣ್ಣಿನ ಜಾಗ ಮಾತ್ರ ಖಾಲಿ ಬಿಡುತ್ತಿತ್ತು. ಬಟ್ಟೆ ಮಗ್ಗದ ಮೇಲಿರುವಾಗಲೇ ಅಲ್ಲಿ ಕೆಂಪು ರೇಷ್ಮೆಯ ಎಳೆ ತೂರಿಸಿ ಕಣ್ಣಿಡುವುದು ಅಮ್ಮನ ಕೆಲಸ.

ಹಳೆಯ ಗುಡಿಗಳ ಕಂಬಗಳ ಮೇಲೂ ಇದೇ ಹಂಸ ಕೊಕ್ಕು ಬಾಗಿಸಿ ನಿಂತಿರುತ್ತದಲ್ಲ, ಅಮ್ಮ ಗುಡಿಗೆ ಹೋದರೆ ದೇವರಿಗಿಂತ ಮೊದಲು ಅದರ ಕಣ್ಣು ನೋಡುತ್ತಿದ್ದಳು. "ಯಾವನೋ ಅವಸರದ ಮುಂಡೇದು, ಕಣ್ಣನ್ನ ತಲೆ ಮೇಲೆ ಇಟ್ಟವ್ನೆ" ಎಂದು ಯಾವ ಕಾಲದಲ್ಲೋ ಸತ್ತ ಶಿಲ್ಪಿಯನ್ನು ಬೈಯುತ್ತಿದ್ದಳು.

ನಮ್ಮ ಮನೆತನದಲ್ಲಿ ಸತ್ತವರಿಗೆ ಹೊದಿಸುವ ಬಟ್ಟೆ ಅಂಗಡಿಯಿಂದ ಬರುವುದಿಲ್ಲ. ಮನೆಯ ಮಗ್ಗದಲ್ಲೇ ಆಗಬೇಕು, ಅಂಚಿನಲ್ಲಿ ಹಂಸ ಇರಬೇಕು, ಆದರೆ ಹಂಸಕ್ಕೆ ಕಣ್ಣಿಡಬಾರದು. ಕಣ್ಣಿರುವ ಹಕ್ಕಿ ಮಣ್ಣಿನೊಳಗೆ ಹೋದರೆ ಮನೆಯ ಕಡೆ ತಿರುಗಿ ನೋಡುತ್ತದೆ, ಇನ್ನೊಬ್ಬರನ್ನು ಕರೆಯುತ್ತದೆ ಎಂದು ನಂಬಿಕೆ. ವಯಸ್ಸಾದವರ ಬಟ್ಟೆ ಮುಂಚೆಯೇ ನೇಯ್ದು ಪೆಟ್ಟಿಗೆಯಲ್ಲಿ ಇಡುತ್ತಾರೆ. ಅಮ್ಮನಿಗೆ ಅಂಥ ವಯಸ್ಸಾಗಿರಲಿಲ್ಲ, ಹಾಗಾಗಿ ಅವಳದು ನೇಯ್ದಿರಲಿಲ್ಲ.

ಅಮ್ಮನ ಹೊಟ್ಟೆನೋವಿಗೆ ತೋರಿಸಿದ ಕೊಯಮತ್ತೂರಿನ ಡಾಕ್ಟರು ನನ್ನನ್ನೂ ಅಪ್ಪನನ್ನೂ ಪಕ್ಕಕ್ಕೆ ಕರೆದು, ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಅಪ್ಪ ಅಮ್ಮನಿಗೆ, "ಬರೀ ಅಲ್ಸರ್ ಅಂತೆ" ಎಂದರು. ಅವಳು "ಸರಿ" ಎಂದಳು. ಆ ವಾರವೇ ಅಪ್ಪ ಅವಳಿಗೆ ಹೊದಿಸುವ ಬಟ್ಟೆಗೆಂದು ಮಗ್ಗಕ್ಕೆ ಉದ್ದೆಳೆಗಳ ಹೊಸ ಹಾಸು ಏರಿಸಿದರು. ಉಸಿರಾಡುತ್ತಿರುವವಳ ಎದುರಿಗೇ ಇದೆಂಥ ಕೆಲಸ! ಆದರೆ ಅವರು ಹಾಸಿನ ಒಂದೇ ಎಳೆಯನ್ನು ಮತ್ತೆ ಮತ್ತೆ ಸವರುತ್ತಿದ್ದುದನ್ನು ಕಂಡು ಇನ್ನೊಂದು ತುದಿ ಹಿಡಿದುಕೊಟ್ಟೆ.

ನಮಗಿದ್ದದ್ದು ಒಂದೇ ದೊಡ್ಡ ಕೋಣೆ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಗುಂಡಿಮಗ್ಗವೂ ಅಲ್ಲೇ, ಅಮ್ಮನ ಚಾಪೆಯೂ ಅಲ್ಲೇ. ಏನು ನೇಯುತ್ತಿದ್ದೀರಿ ಎಂದು ಅಮ್ಮ ಕೇಳಿದರೆ ಅಪ್ಪ, "ಯಾರೋ ಸೀರೆಗೆ ಹೇಳವ್ರೆ, ಬರೀ ಗೆರೆ ಅಂಚು, ನಿಂಗೇನೂ ಕೆಲ್ಸ ಇಲ್ಲ" ಎಂದುಬಿಟ್ಟರು. ಜರಿಯ ಅಂಚನ್ನು ಬೋರಲಾಗಿ ನೇಯುವುದರಿಂದ ಮೇಲೆ ಕಾಣುವುದು ಎಳೆಗಳ ಗೋಜಲು ಮಾತ್ರ. ಅಪ್ಪನ ಧೈರ್ಯ ಅದೇ. ಹಕ್ಕಿ ಸರಿಯಾಗಿ ಬರುತ್ತಿದೆಯೇ ಎಂದು ತಿಳಿಯಲು ಅವರು ಬಟ್ಟೆಯ ಕೆಳಗೆ ಓರೆಯಾಗಿ ಒಂದು ಕನ್ನಡಿ ಇಟ್ಟುಕೊಳ್ಳುತ್ತಿದ್ದರು. ಜೀವಮಾನವೆಲ್ಲ ಅದರಲ್ಲಿ ಮೇಲಿನಿಂದಲೇ ಇಣುಕಿದವರಿಗೆ, ನೆಲದ ಮೇಲೆ ಮಲಗಿದವಳಿಗೂ ಅದರಲ್ಲಿ ಏನೋ ಕಾಣಬಹುದೆಂದು ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಅಮ್ಮ ಲೋಟ ತಳ್ಳಿ ಮಗ್ಗದ ಅಡಿಯ ಕನ್ನಡಿಯನ್ನೇ ನೋಡುತ್ತಾ, "ಹಕ್ಕಿಗೆ ಯಾಕೆ ಕಣ್ಣಿಟ್ಟಿಲ್ಲ?" ಎಂದಳು.

ಲಾಳಿ ನಿಂತಿತು.

"ಗೆರೆ ಅಂಚು ಅಂದ್ರಿ. ಸುಳ್ಳು, ಪೊಯ್ ಹೇಳೋಕೆ ನಾನೇ ಸಿಕ್ಕಿದ್ನಾ?"

"ನಿಂಗೆ ಭಯ ಆಗ್ಬಾರ್ದು ಅಂತ..." ಅಪ್ಪ ಕನ್ನಡಿಯನ್ನು ಬೋರಲು ಹಾಕಿದರು.

"ಆಸ್ಪತ್ರೆಯಿಂದ ಬರ್ವಾಗ್ಲೇ ನಿಮ್ಮ ಮೂತಿ ನೋಡಿ ಗೊತ್ತಾಯ್ತು. ನಿಮ್ಗೆ ಗೊತ್ತಿಲ್ದಂಗೆ ಇರ್ಲಿ ಅಂತ ಒಬ್ಳೇ ಭಯ ಪಟ್ಕೊಂಡು ಬಿದ್ದಿದ್ದೆ. ಮುಂಚೇನೇ ಹೇಳಿದ್ರೆ ನಿಮ್ಮ ಕೈಯಾದ್ರೂ ಹಿಡ್ಕೊಂಡು ಅಳ್ತಿದ್ದೆ, ಪಾವಿ, ಪಾಪಿ ಮನುಷ್ಯ!"

ಅಪ್ಪ ಮಗ್ಗದ ಮರದ ಮೇಲೆ ತಲೆಯಿಟ್ಟು ಅತ್ತರು. ಅವರು ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಮ್ಮ ನನ್ನ ಕಡೆ ತಿರುಗಿ, "ಎತ್ತು ನನ್ನ. ಸೂಜಿ ಕೊಡು" ಎಂದಳು.

ಪಕ್ಕದ ಮನೆಯಿಂದ ಅಪ್ಪನ ಅಕ್ಕ, ನನ್ನ ಅತ್ತೆ, ಅಳು ಕೇಳಿ ಓಡಿ ಬಂದು, ಸೂಜಿ ಕಂಡು ಅಯ್ಯಯ್ಯೋ ಎಂದು ಬಾಯಿ ಬಡಿದುಕೊಂಡಳು. "ಮನೇಲಿ ಮಕ್ಳು ಮರಿ ಇಲ್ವಾ? ಅದಕ್ಕೆ ಕಣ್ಣಿಡ್ಬಾರ್ದು!"

"ಊರೋರ ಸೀರೆಗೆಲ್ಲ ಕಣ್ಣಿಟ್ಟೋಳು ನಾನು. ನಂದು ಮಾತ್ರ ಕುರುಡಾಗಿ ಹೋಗ್ಬೇಕಾ?" ಎಂದಳು ಅಮ್ಮ.

ನಾನು ಅಮ್ಮನ ಬೆನ್ನಿಗೆ ಆಸರೆಯಾಗಿ ಕೂತೆ, ಅಪ್ಪ ಕನ್ನಡಿ ಹಿಡಿದರು. ಅವಳ ಬೆರಳು ಮಾತು ಕೇಳುತ್ತಿರಲಿಲ್ಲ. ಒಂದು ಹಂಸದ ಕಣ್ಣು ಕೊಕ್ಕಿನ ಮೇಲೆ ಹೋಯಿತು. ಆಮೇಲೂ ಕೂತಾಗಲೆಲ್ಲ ಒಂದೊಂದು ಇಡುತ್ತಿದ್ದಳು, ಒಂದು ದಿನ ಸೂಜಿ ಹಿಡಿಯುವುದಕ್ಕೂ ಆಗಲಿಲ್ಲ. ಬಟ್ಟೆ ಮುಗಿದಾಗ ಮುಕ್ಕಾಲು ಪಾಲು ಹಂಸಗಳಿಗೆ ಕಣ್ಣಿರಲಿಲ್ಲ.

ಮಣ್ಣು ಮಾಡುವ ಮುನ್ನ ಅತ್ತೆಯೇ ಅದನ್ನು ಹೊದಿಸಿದಳು. ಕಣ್ಣಿದ್ದ ಭಾಗವನ್ನು ಮಡಿಸಿ, ಯಾರಿಗೂ ಕಾಣದಂತೆ ಅಮ್ಮನ ಬೆನ್ನಡಿಗೆ ತುರುಕಿದಳು. ಅಪ್ಪ ಬಗ್ಗಿ, ಅದನ್ನು ನಿಧಾನವಾಗಿ ಎಳೆದು ಅಮ್ಮನ ಎದೆಯ ಮೇಲೆ ಹರಡಿದರು.

"ಬೇಡ ತಮ್ಮಾ, ತಿರುಗಿ ನೋಡ್ತದೆ. ಇನ್ನೊಬ್ರನ್ನ ಕರೀತದೆ" ಎಂದು ಅತ್ತೆ ಅವರ ಕೈ ಹಿಡಿದಳು.

"ಕರೀಲಿ ಬಿಡಕ್ಕಾ" ಎಂದರು ಅಪ್ಪ.