ಹಜಾರದ ಟಿವಿಗೆ ಎಳೆದ ವೈರು

ಬೆಳಕು ಹರಿಯುವ ಮುಂಚೆ ಅನಸೂಯ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿರಬೇಕು. ನಲ್ಲಿ ಬರುವ ದಿನವಾದರೆ ಡ್ರಮ್ಮು ತುಂಬಿಸಿರಬೇಕು. ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ ಮಾಡುವ ಗಂಡ ಹರಿಪ್ರಸಾದನ ಕ್ಯಾಬು ಬರುವಷ್ಟರಲ್ಲಿ ಡಬ್ಬಿ ಕಟ್ಟಬೇಕು, ಅತ್ತೆಗೆ ಮಾತ್ರೆಯ ಮೊದಲು ರಾಗಿ ಗಂಜಿ ಕಾಯಿಸಬೇಕು, ಮಗಳ ಯೂನಿಫಾರ್ಮ್ ಇಸ್ತ್ರಿ ಮಾಡಬೇಕು. ಇವಕ್ಕೆ ಆ ಮನೆಯಲ್ಲಿ ಕೆಲಸ ಎನ್ನುವ ಹೆಸರಿಲ್ಲ. ಆಮೇಲೆ ಕಂಪ್ಯೂಟರಿನ ಮುಂದೆ ಕೂತರೆ ಮಾತ್ರ "ಡಿಸೈನ್ ಮಾಡ್ತಾಳೆ" ಎನ್ನುತ್ತಾರೆ, ಅದೂ ನೆಂಟರ ಮುಂದೆ.

ದೊಡ್ಡಬಳ್ಳಾಪುರದ ಮಗ್ಗಗಳಿಗೆ ಅವಳು ಸೀರೆಯ ಬಾರ್ಡರ್ ಬರೆದುಕೊಡುತ್ತಾಳೆ. ಕಂಪ್ಯೂಟರಿನಲ್ಲಿ ಒಂದೊಂದು ಚೌಕವೂ ಒಂದೊಂದು ಎಳೆ. ಮೇಜಿನ ಮೇಲೆ ಎರಡು ಪರದೆ: ಒಂದರಲ್ಲಿ ಇಡೀ ಬಾರ್ಡರ್, ಇನ್ನೊಂದರಲ್ಲಿ ತಿದ್ದುವ ತುಂಡು. ಮೂರನೆಯದು ಹಜಾರದ ಟಿವಿ. ಮೇಜು ಇರುವುದು ಮಲಗುವ ಕೋಣೆಯಲ್ಲಿ. ಸೊಸೆ ಕೂತ ಕೋಣೆಗೆ ಮಗ್ಗದವರು ಬರುವುದಾಗಲಿ, ಸೊಸೆ ಹಜಾರಕ್ಕೆ ಬಂದು ಅವರ ಪಕ್ಕ ಕೂರುವುದಾಗಲಿ ಅತ್ತೆ ಅಶ್ವತ್ಥಮ್ಮನಿಗೆ ಹಿಡಿಸದು. ಅದಕ್ಕೇ ಹರಿಪ್ರಸಾದ್ ಗೋಡೆ ಕೊರೆದು ವೈರು ಎಳೆದಿದ್ದ. ಬಂದವರು ಹಜಾರದಲ್ಲಿ ಕೂತು ಟಿವಿ ನೋಡುತ್ತಾ ಹೇಳಬೇಕು, ಇವಳು ಒಳಗೆ ಕೂತು ತಿದ್ದಬೇಕು.

ಈಚೆಗೆ ಕಂಪ್ಯೂಟರ್ ತೆವಳುತ್ತಿತ್ತು. ನಿನ್ನೆ ಮಗ್ಗದ ಗಂಗಣ್ಣ ಬಂದಾಗಲೂ ಹಾಗೇ ಆಯಿತು.

"ಅಮ್ಮಾ, ಆ ಹಂಸದ ಕೊಕ್ಕು ಒಸಿ ಮೇಲಕ್ಕೆ ಮಾಡು."

"ಯಾವ ಹಂಸ ಅಣ್ಣಾ?"

"ಇದೇ ಕಣಮ್ಮಾ, ಇಲ್ಲಿ."

ಅವನು ಟಿವಿಯ ಮೇಲೆ ಬೆರಳಿಟ್ಟಿದ್ದ. ಒಳಗಿದ್ದವಳಿಗೆ ಬೆರಳು ಹೇಗೆ ಕಾಣಬೇಕು? ಹೊಸ್ತಿಲಲ್ಲಿ ನಿಂತ ಅಶ್ವತ್ಥಮ್ಮ ಮಾತು ದಾಟಿಸಿದಳು: "ಬಲಗಡೇದಂತೆ ಕಣೇ. ಅಲ್ಲ, ಅದರ ಹಿಂದಿಂದು."

ಅನಸೂಯ ಮೌಸ್ ಎಳೆದಳು. ಕೊಕ್ಕು ಕದಲಲಿಲ್ಲ. ಕಾದು ಮತ್ತೆ ಎಳೆದಳು. ಎರಡೂ ಸಲ ಎಳೆದದ್ದು ಒಟ್ಟಿಗೆ ಬಂದು ಹಂಸ ಕತ್ತು ಮುರಿದುಕೊಂಡು ನಿಂತಿತು.

"ನಿಮ್ ಸೊಸೆ ಹಂಸಾನ ಕುಯ್ದೇಬಿಟ್ಟಳಲ್ಲಮ್ಮಾ," ಗಂಗಣ್ಣ ನಕ್ಕ. ಹೊರಡುವಾಗ ನಗು ಇರಲಿಲ್ಲ. "ನಾಳೆ ಬರ್ತೀನಿ. ಹಿಂಗೇ ಇದ್ರೆ ಬೇರೆ ಕಡೆ ಬರೆಸ್ಕೊತೀನಿ. ಮಗ್ಗ ಸುಮ್ನೆ ನಿಲ್ಲಿಸಕ್ಕಾಗಲ್ಲ."

ಅವನು ಹೋದರೆ ಅವನ ಬೀದಿಯ ಮಗ್ಗಗಳೆಲ್ಲ ಹೋಗುತ್ತವೆ. ಅವಳದೆಂದು ಹೇಳಿಕೊಳ್ಳುವ ಕೆಲಸವೇ ಉಳಿಯುವುದಿಲ್ಲ. ಸಂಜೆ ಹರಿಪ್ರಸಾದ್, "ಆ ಡಬ್ಬಾಗೆ ವಯಸ್ಸಾಯ್ತು, ಬಿಡು. ನಿಂಗೂ ಒಂಚೂರು ರೆಸ್ಟ್ ಸಿಗುತ್ತೆ," ಎಂದ. ಆಗ ಅವಳು ಅವನ ನಾಳೆಯ ಡಬ್ಬಿಗೆ ಹುರುಳಿಕಾಯಿ ಸೋಸುತ್ತಿದ್ದಳು.

ಬೆಳಿಗ್ಗೆ ಅತ್ತೆ ನಾಮಕರಣವೊಂದಕ್ಕೆ ಪಕ್ಕದ ತಾಲ್ಲೂಕಿನ ವಿಜಯಪುರದ ಬಸ್ಸು ಹತ್ತಿದಳು, ಮಗಳು ಸ್ಕೂಲಿಗೆ ಹೋದಳು. ಅನಸೂಯ ಕಂಪ್ಯೂಟರನ್ನು ಆರಿಸಿ ಹಚ್ಚಿದಳು, ಹಳೆಯ ಫೈಲುಗಳನ್ನು ತೆಗೆದಳು. ತೆವಳುವುದು ನಿಲ್ಲಲಿಲ್ಲ. ಕೊನೆಗೆ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದಳು. ಎರಡನೆಯ ಪರದೆಯದನ್ನು ಕಿತ್ತರೂ ಹಾಗೇ ಇತ್ತು. ಟಿವಿಯದನ್ನು ಕಿತ್ತಳು. ಕೊಕ್ಕು ಮೌಸಿನ ಜೊತೆಗೇ ಮೇಲೆದ್ದಿತು. ಮತ್ತೆ ಸಿಕ್ಕಿಸಿದಳು, ಮತ್ತೆ ತೆವಳಿತು. ದೀಪಾವಳಿಗೆ ತಂದ ಆ ದೊಡ್ಡ ಟಿವಿಯ ತುಂಬ ಚಿತ್ರ ಮೂಡಿಸುವುದರಲ್ಲೇ ಹಳೆಯ ಕಂಪ್ಯೂಟರಿನ ಉಸಿರು ಹೋಗುತ್ತಿತ್ತು. ಟಿವಿಗೆ ಹೋಗುವ ಚಿತ್ರದ ಗಾತ್ರ ಇಳಿಸಿದಳು. ವೇಗವೇನೋ ಬಂತು, ಆದರೆ ಚೌಕಗಳು ಕಲಸಿಹೋದವು. ಎಳೆ ಎಣಿಸಿ ನೋಡದೆ ಗಂಗಣ್ಣ ಒಪ್ಪುವವನಲ್ಲ.

ಮೇಜನ್ನೇ ಹಜಾರಕ್ಕೆ ಹಾಕಿಕೊಳ್ಳಲೇ ಎಂದು ಹರಿಪ್ರಸಾದನನ್ನು ಕೇಳಲು ಫೋನ್ ಎತ್ತಿಕೊಂಡಳು. ಕೇಳಿದರೆ "ಅಮ್ಮನ್ನ ಒಂದ್ ಮಾತು ಕೇಳು" ಎನ್ನುತ್ತಾನೆ. ಅಮ್ಮ ಬರುವುದು ಸಂಜೆಗೆ. ಗಂಗಣ್ಣ ಇನ್ನೇನು ಬರುವ ಹೊತ್ತು. ಫೋನನ್ನು ಹಾಸಿಗೆಯ ಮೇಲೆ ಹಾಕಿದಳು.

ವೈರನ್ನು ಗೋಡೆಯ ತೂತಿನಿಂದ ಎಳೆದು ಸುತ್ತಿಟ್ಟಳು. ಪರದೆಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗಿ ಹಜಾರದ ದಿವಾನದ ಮೇಲಿಟ್ಟಳು, ಕಂಪ್ಯೂಟರನ್ನೂ ತಂದಳು. ಮೇಜನ್ನು ಓರೆ ಮಾಡಿ ಹೊಸ್ತಿಲು ದಾಟಿಸಿ, ಕಿಟಕಿಯ ಪಕ್ಕ ಪ್ಲಗ್ ಇರುವಲ್ಲಿಗೆ ತಳ್ಳಿದಳು. ಎಲ್ಲ ಜೋಡಿಸಿದ ಮೇಲೆ ತನ್ನ ಕುರ್ಚಿ ಹಾಕಿಕೊಂಡಳು. ಪಕ್ಕದಲ್ಲೇ, ಬೆರಳಿಟ್ಟು ತೋರಿಸಿದರೆ ಕಾಣುವಷ್ಟು ಹತ್ತಿರ, ಗಂಗಣ್ಣನಿಗೊಂದು ಕುರ್ಚಿ ಹಾಕಿದಳು.