ಮೆರವಣಿಗೆಯ ಖಾಲಿ ಸಾಲು

ಮೇ ಒಂದನೇ ತಾರೀಖು ಹೊಸಪೇಟೆಯಲ್ಲಿ ಮೆರವಣಿಗೆ ತೆಗೆಯುವಾಗ ನಮ್ಮ ಯೂನಿಯನ್ನಿನವರು ಒಂದು ಸಾಲು ಖಾಲಿ ಬಿಡುತ್ತಾರೆ. ಮುಂದೆ ಬ್ಯಾನರ್. ಬ್ಯಾನರಿನ ಹಿಂದೆ ಖಾಲಿ ಜಾಗ. ಆಮೇಲೆ ಇಬ್ಬರು ಗಂಡಸರು ರಸ್ತೆಗೆ ಅಡ್ಡಲಾಗಿ ಒಂದು ಕೆಂಪು ಹಗ್ಗ ಹಿಡಿದು ನಡೆಯುತ್ತಾರೆ. ಹಗ್ಗದ ಹಿಂದೆ ಹೆಂಗಸರು, ಅವರ ಹಿಂದೆ ಉಳಿದವರು. ಹಗ್ಗದ ಮುಂದೆ ಯಾರೂ ಕಾಲಿಡುವಂತಿಲ್ಲ. ಗಣಿಯಲ್ಲಿ ಸತ್ತವರು ಅಲ್ಲಿ ನಡೆಯುತ್ತಾರೆ ಅನ್ನುವುದು ಪದ್ಧತಿ.

ಆ ವರ್ಷ ಹಗ್ಗದ ಒಂದು ತುದಿ ನನ್ನ ಕೈಯಲ್ಲಿತ್ತು. ನಾನಾಗಿ ಕೇಳಿ ಹಿಡಿದಿದ್ದಲ್ಲ. ಹಿಡಿ ಅಂದರು, ಹಿಡಿದೆ.

ನಮ್ಮ ಮನೆ ದರೋಜಿಯಲ್ಲಿ. ನಾನು ಸಂಡೂರಿನ ಗುಡ್ಡದ ಮೇಲೆ ನೀರಿನ ಟ್ಯಾಂಕರ್ ಓಡಿಸುತ್ತೇನೆ. ಗಣಿಯ ರಸ್ತೆಗೆ ನೀರು ಹೊಡೆಯಬೇಕು, ಇಲ್ಲದಿದ್ದರೆ ಕೆಂಪು ಧೂಳಿಗೆ ಮುಂದಿನ ಟಿಪ್ಪರ್ ಕಾಣುವುದಿಲ್ಲ. ನಮ್ಮ ಅಣ್ಣನೂ ಅಲ್ಲೇ ಇದ್ದ. ಅದಿರು ತೆಗೆದ ಮೇಲೆ ಉಳಿಯುವ ಮಣ್ಣನ್ನು ಸುರಿಯುವ ಜಾಗಕ್ಕೆ ಡಂಪ್ ಅನ್ನುತ್ತೇವೆ. ಅದರ ಅಂಚಿನಲ್ಲಿ ನಿಂತು ಸೀಟಿ ಊದಿ ಟಿಪ್ಪರ್‌ಗಳನ್ನು ಹಿಂದಕ್ಕೆ ಕರೆಯುವುದು, ಸಾಕು ಅಂದಾಗ ನಿಲ್ಲಿಸುವುದು ಅಣ್ಣನ ಕೆಲಸ.

ಆ ಮೆರವಣಿಗೆಗೆ ಮುಂಚಿನ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಡಂಪ್ ಜಾರಿತು. ಗುಡ್ಡದ ಒಂದು ಮೂಲೆ ಕೆಳಗೆ ಹೋಗಿ ಕೂತಿತು, ಅಷ್ಟೇ. ದೊಡ್ಡ ಸಪ್ಪಳವೂ ಆಗಲಿಲ್ಲ. ಟಿಪ್ಪರಿನವರೆಲ್ಲ ಚಹಾಕ್ಕೆ ಹೋಗಿದ್ದರು. ಆಮೇಲೆ ಅಣ್ಣ ಯಾರ ಕಣ್ಣಿಗೂ ಬೀಳಲಿಲ್ಲ.

ಗುತ್ತಿಗೆದಾರ ಹೇಳಿದ, “ಅವ ಊಟದ ಹೊತ್ತಿಗೇನ ರಜಾ ಕೇಳಿ ಇಳದು ಹೋಗ್ಯಾನಪ್ಪ. ಕೆಳಗ ಯಾರೂ ಇಲ್ಲ.” ಮರುದಿನ ಒಬ್ಬ ಅವನನ್ನು ಹೊಸಪೇಟೆ ಸ್ಟೇಷನ್ನಿನಲ್ಲಿ ನೋಡಿದೆ ಅಂದ. ಇನ್ನೊಬ್ಬ ಕಂಪ್ಲಿ ಬಸ್ಸಿನಲ್ಲಿ ನೋಡಿದೆ ಅಂದ. ಹಂಗಾಗಿ ಯಾರೂ ಅಗೆಯಲಿಲ್ಲ. ಜಾರಿದ ಡಂಪನ್ನು ಹಾಗೇ ಬಿಟ್ಟು ಆಚೆ ಕಡೆ ಹೊಸ ಡಂಪ್ ಶುರು ಮಾಡಿದರು.

ಹಳೇ ಡಂಪಿನ ತಿರುವಿನಲ್ಲಿ ಹೊಸ ಡ್ರೈವರುಗಳು ಬ್ರೇಕ್ ಹಾಕುತ್ತಿದ್ದರು. ಅವರಿಗೆ ಅಣ್ಣನ ಸುದ್ದಿ ಗೊತ್ತಿರಲಿಲ್ಲ, ಬಿಹಾರದಿಂದಲೋ ಆಂಧ್ರದಿಂದಲೋ ಬಂದವರು. ಯಾಕೆ ನಿಲ್ಲಿಸಿದೆ ಅಂದರೆ ಒಂದೇ ಮಾತು, ಯಾರೋ ಸೀಟಿ ಊದಿದರಲ್ಲ. ಇಳಿದು ನೋಡಿದರೆ ಯಾರೂ ಇರುತ್ತಿರಲಿಲ್ಲ. ನಾನು ದಿನಾ ಆ ತಿರುವಿಗೆ ನೀರು ಹೊಡೆಯುತ್ತಿದ್ದೆ. ಎಂಜಿನ್ ಆಫ್ ಮಾಡಿ, ಕಿಟಕಿ ಇಳಿಸಿ ಕೂತು ಕೇಳಿದ್ದೇನೆ. ನನಗೆ ಒಂದು ದಿನವೂ ಕೇಳಿಸಲಿಲ್ಲ. ಯಾರ್ಯಾರಿಗೋ ಊದುತ್ತಾನೆ, ಒಡಹುಟ್ಟಿದವನಿಗೆ ಊದುವುದಿಲ್ಲ ಅಂತ ಸಿಟ್ಟು ಬರುತ್ತಿತ್ತು.

ಅತ್ತಿಗೆ ಅಣ್ಣ ಬದುಕಿದ್ದಾನೆ ಅನ್ನುತ್ತಿದ್ದಳು. ಎಲ್ಲಿ ಕಂಡ ಅಂದರೆ ಅಲ್ಲಿಗೆ ಹೊರಡುತ್ತಿದ್ದಳು, ಜೊತೆಗೆ ನಾನು. ಒಮ್ಮೆ ಕಂಪ್ಲಿಯ ಅಕ್ಕಿ ಗಿರಣಿಗೆ ಹೋದೆವು. ಹಮಾಲಿಯೊಬ್ಬ ನಮಗೆ ಬೆನ್ನು ಮಾಡಿ ಚೀಲ ಒಟ್ಟುತ್ತಿದ್ದ. ತಲೆಗೆ ಗೋಣಿ ಕಟ್ಟಿದ್ದ, ಮೈಯೆಲ್ಲ ತೌಡಿನ ಪುಡಿ. ಬೆನ್ನು ಅಣ್ಣನದೇ. ಭುಜ ಅಣ್ಣನದೇ. ಅತ್ತಿಗೆ ನನ್ನ ರಟ್ಟೆ ಹಿಡಿದಳು. ನಾವಿಬ್ಬರೂ ಇನ್ನೂ ಬಾಯಿ ತೆರೆದಿರಲಿಲ್ಲ. ಅವನು ತಿರುಗಿದ. ಬಿಳಿ ಮುಖ, ಎರಡು ಕಣ್ಣು.

“ನಾನಲ್ಲ ಬಿಡ್ರಿ ಅಕ್ಕಾ,” ಅಂದ.

ಮತ್ತೆ ತಿರುಗಿ ಚೀಲ ಎತ್ತಿದ. ಬಸ್ಸಿನಲ್ಲಿ ವಾಪಸ್ ಬರುವಾಗ ಅತ್ತಿಗೆ ಕೇಳಿದಳು, “ನೀ ಏನರ ಕೇಳಿದ್ಯಾ ಅವನ್ನ?” ಇಲ್ಲ ಅಂದೆ. “ನಾನೂ ಕೇಳಿಲ್ಲ,” ಅಂದಳು. 

ಯೂನಿಯನ್ನಿನವರು ಡಂಪ್ ಅಗೆಸಿ ಅಂತ ಕಾರ್ಮಿಕ ಇಲಾಖೆಯ ಸಾಹೇಬರನ್ನು ಕೇಳಿದರು. ಸಾಹೇಬರು ಗುತ್ತಿಗೆದಾರನನ್ನು ಕೇಳಿದರು. ಅವನು, “ಅವನ ಹೆಂಡತೀನ ಬದುಕ್ಯಾನ ಅಂತಾಳ್ರಿ, ನಾ ಯಾಕ ಅಗೀಬೇಕು?” ಅಂದ. ಅಲ್ಲಿಗೆ ಮುಗಿಯಿತು. ಅತ್ತಿಗೆ ತನ್ನ ಬಾಯಿಂದ ಸತ್ತ ಅನ್ನಬೇಕು. ಅಂದರೆ ಅಗೆಯುತ್ತಾರೆ. ಅವಳು ಅನ್ನುತ್ತಿರಲಿಲ್ಲ.

ಮೇ ದಿನದ ಹಿಂದಿನ ಸಂಜೆ ಅವಳನ್ನು ಯೂನಿಯನ್ ಆಫೀಸಿಗೆ ಕರೆದುಕೊಂಡು ಹೋದೆ. ಯಾರ ಮನೆಯವರಾದರೂ ಅಲ್ಲಿ ಬಂದು “ಜಾಗ ಬಿಡ್ರಿ” ಅಂದರೆ ಖಾಲಿ ಸಾಲಿನಲ್ಲಿ ಅವರ ಕಡೆಯವನಿಗೊಂದು ಜಾಗ. ಅಂದ ಮೇಲೆ ಅವನು ಸತ್ತ ಹಾಗೇ. ಅಲ್ಲಿ ಒಬ್ಬ ಮುದುಕ, ನಾವೆಲ್ಲ ಕಾಕಾ ಅನ್ನುತ್ತೇವೆ, ಹುಡುಗರಿಗೆ ಮೇ ದಿನದ ಕತೆ ಹೇಳುತ್ತಿದ್ದ.

“ಶಿಕಾಗೋ ಅಂತ ಊರು. ಅಲ್ಲಿ ಮಂದಿ ಎಂಟು ತಾಸು ಅಷ್ಟ ದುಡೀತೀವಿ ಅಂತ ಕೆಲಸ ಬಿಟ್ಟು ಬೀದಿಗೆ ಬಂದ್ರು.”

“ಅದೆಲ್ಲೈತಿ ಕಾಕಾ?”

“ಅಮೆರಿಕದಾಗ.”

“ಅಮೆರಿಕದಾಗ ಕೂಲಿಯವ್ರು ಅದಾರೇನು?”

“ಮತ್ತ? ಅಲ್ಲಿ ಮಣ್ಣು ತಾನ ಎದ್ದು ಲಾರಿ ಏರತೈತೇನ್ಲೇ?”

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಪೊಲೀಸರು ಗುಂಡು ಹೊಡೆದದ್ದು, ಮರುದಿನದ ಸಭೆಯಲ್ಲಿ ಯಾರೋ ಬಾಂಬ್ ಎಸೆದದ್ದು, ಎಸೆದವನು ಯಾರು ಅಂತ ಗೊತ್ತಾಗದೆಯೇ ಮುಂದಾಳುಗಳನ್ನು ಗಲ್ಲಿಗೆ ಹಾಕಿದ್ದು ಹೇಳಿದ. “ಮಣ್ಣಿಗೆ ಒಯ್ಯುವಾಗ ಊರಿಗೆ ಊರೇ ಹಿಂದ ನಡೀತಂತ. ಸತ್ತವ್ರು ಮುಂದ, ಇದ್ದವ್ರು ಹಿಂದ. ನಮ್ಮ ಮೆರವಣಿಗಿನೂ ಹಂಗ.”

“ಅವ್ರು ಎಂಟು ತಾಸಿಗೆ ಸತ್ರು. ನಾವು ಹನ್ನೆರಡು ತಾಸು ಹೊಡ್ಯಾಕ ಹತ್ತೀವಲ್ಲ ಕಾಕಾ?”

“ಅದಕ್ಕ ಇನ್ನೂ ನಡ್ಯಾಕ ಹತ್ತೀವಿ.”

ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ಕಾಕಾ ಅವಳನ್ನು ಕೂಡಿಸಿ ನೀರು ಕೊಟ್ಟ. “ಏನಂತೀಯವ್ವಾ? ಬಿಡೂಣೇನು ಜಾಗ?”

“ಅವ್ರು ಬದುಕಿದ್ರ?”

ಕಾಕಾ ಅವಳ ಎದುರಿಗೆ ಕೂತ. “ಸುಳ್ಳು ಹೇಳಂಗಿಲ್ಲ ನಾನು. ಒಮ್ಮೆ ತಪ್ಪು ಮಾಡೀವಿ. ಹೊಂಡದ ನೀರಾಗ ಬಿದ್ದ ಅಂತ ತಿಳ್ಕೊಂಡು ಒಬ್ಬಗ ಜಾಗ ಬಿಟ್ವಿ. ಅವ ಗೋವಾದಾಗಿದ್ದ. ಬಂದ. ಆದ್ರ ಮನ್ಯಾಗ ಕುಂದ್ರಲಿಲ್ಲ. ಹೊಸ್ತಿಲ ಹೊರಗ ಉಣ್ಣೋದು, ಹೊರಗ ಮಲಗೋದು. ಒಳಗ ಬಾ ಅಂದ್ರ, ನನ್ನ ಜಾಗ ಇಲ್ಲಿಲ್ಲ ಅಂತಿದ್ದ. ಮುಂದಿನ ಮೇ ದಿನ ತಾನ ಬಂದು ಹಗ್ಗದ ಮುಂದ ನಿಂತ. ಜಗ್ಗಿದ್ರೂ ಸರೀಲಿಲ್ಲ. ನಡೀತಾ ಹೋದ. ಸರ್ಕಲ್ ದಾಟಿ ನೋಡ್ತೀವಿ, ಇಲ್ಲ. ಇವತ್ತಿಗೂ ಸಿಕ್ಕಿಲ್ಲ.”

ಒಬ್ಬ ಹುಡುಗ ನಗಲು ಹೋಗಿ ಬಾಯಿ ಮುಚ್ಚಿಕೊಂಡ.

ಅತ್ತಿಗೆ ಎದ್ದಳು. “ನಾ ಜಾಗ ಕೇಳಂಗಿಲ್ಲ,” ಅಂದಳು.

ಹೊರಗೆ ಬಂದು ನಾನು ಬೈದೆ. “ಹಿಂಗ ಕುಂತ್ರ ಅವ ಬರ್ತಾನೇನು? ಎರಡರಾಗ ಒಂದು ಹೇಳು.”

“ನೀ ಹೇಳಲೇ ಹಂಗಾರ. ನಿನ್ನ ಬಾಯಿಲೆ ಹೇಳು, ಸತ್ತಾನ ಅಂತ.”

ನನ್ನ ಬಾಯಿಂದಲೂ ಬರಲಿಲ್ಲ.

ಮರುದಿನ ಬಿಸಿಲು ಸುಡುತ್ತಿತ್ತು. ಗುತ್ತಿಗೆಯವರಿಗೆ ಮೇ ದಿನದ ಸೂಟಿ ಇಲ್ಲ, ಕೂಲಿ ಬಿಟ್ಟು ಬರಬೇಕು. ಆದರೂ ಸಂಡೂರಿನಿಂದ ಲಾರಿ ಲಾರಿ ಜನ ಬಂದರು. ಹಂಪಿಗೆ ಹೋಗುವ ಬಸ್ಸು, ಆಟೋ ಎಲ್ಲ ನಿಂತವು. ಆಟೋದವನೊಬ್ಬ ಕೂಗಿದ, “ಲೇ, ವರ್ಷಪೂರ್ತಿ ದುಡೀತೀರಿ, ಇವತ್ತರ ಮನ್ಯಾಗ ಬೀಳಬಾರ್ದಾ?”

“ನಿನ್ನ ಆಟೋ ಹತ್ತಿ ಸಾಯೂದಕ್ಕಿಂತ ನಡಿಯೂದು ಮಸ್ತ್ ಐತ್ಲೇ,” ಅಂತ ನಮ್ಮವನೊಬ್ಬ ಉತ್ತರ ಕೊಟ್ಟ.

ಅತ್ತಿಗೆ ಹೆಂಗಸರ ಮುಂದಿನ ಸಾಲಿನಲ್ಲಿದ್ದಳು, ನನ್ನ ಹಗ್ಗದ ಹಿಂದೆಯೇ. ನಾನು ಅವಳ ಕಡೆ ನೋಡಲಿಲ್ಲ. ಮೆರವಣಿಗೆ ಹೊರಟಿತು. ಕಾಕಾ ಮೈಕಿನಲ್ಲಿ ಘೋಷಣೆ ಕೂಗಿದ. ಜಿಂದಾಬಾದ್ ಅನ್ನುವುದು ಹಿಂದಿನಿಂದ ಬರಬೇಕು, ಜನ ಇರುವುದು ಹಿಂದೆ. ನನಗೆ ಮೊದಲು ಮುಂದಿನಿಂದ ಬಂದ ಹಾಗಾಯಿತು. ಬ್ಯಾನರ್ ಹಿಡಿದವರು ಕೂಗಿರಬೇಕು ಅಂದುಕೊಂಡೆ. ರಸ್ತೆ ಬದಿಯಲ್ಲಿ ಫಾರಿನ್ನಿನವನೊಬ್ಬ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ. ಖಾಲಿ ಜಾಗ ಅವನ ಮುಂದೆ ಬಂದಾಗ ಮೊಬೈಲ್ ಇಳಿಸಿ, ಕಾಲು ತುಳಿಸಿಕೊಳ್ಳಬಾರದು ಅನ್ನುವವನ ಹಾಗೆ ಹಿಂದೆ ಸರಿದ. ಅವನ ಮುಂದೆ ಯಾರೂ ಇರಲಿಲ್ಲ.

ಆಗ ಹಗ್ಗ ಜಗ್ಗಿತು. ತಿರುಗಿ ನೋಡಿದರೆ ಅತ್ತಿಗೆ. ಹಗ್ಗ ಎತ್ತಿ, ಕೆಳಗೆ ನುಸುಳಿ, ಖಾಲಿ ಸಾಲಿಗೆ ಹೋಗಿಬಿಟ್ಟಳು.

ಕಾಕಾ ಮೈಕು ಬಿಟ್ಟು ಕೂಗಿದ, “ಏ ತಂಗೀ! ಹೊರಗ ಬಾ!”

“ಅವ್ರು ಇಲ್ಲಿ ಅದಾರೋ ಇಲ್ಲೋ ನಾನ ನೋಡ್ತೀನಿ, ಬಿಡ್ರಿ,” ಅಂದಳು.

ಒಳಗೆ ಹೋಗಿ ಎಳೆದು ತರುವ ಧೈರ್ಯ ಯಾರಿಗೂ ಬರಲಿಲ್ಲ. ನನಗೂ ಬರಲಿಲ್ಲ. ಹಿಂದಿನವರು ತಳ್ಳುತ್ತಿದ್ದರು, ಪೊಲೀಸರು ನಡೀರಿ ನಡೀರಿ ಅನ್ನುತ್ತಿದ್ದರು. ನಡೆದೆವು. ಮುಂದೆ ಸರ್ಕಲ್ ಕಾಣುತ್ತಿತ್ತು. ನನಗೆ ಆ ಗೋವಾದಿಂದ ಬಂದವನದೇ ನೆನಪು. ಕಣ್ಣು ಮಿಟುಕಿಸದೆ ಅವಳ ಬೆನ್ನನ್ನೇ ನೋಡುತ್ತಾ ನಡೆದೆ. ಬೆವರು ಕಣ್ಣಿಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಅಷ್ಟು ಜನರ ಕೂಗು ಎಲ್ಲೋ ದೂರದ ಊರಿನಿಂದ ಕೇಳಿದ ಹಾಗೆ ಕೇಳುತ್ತಿತ್ತು.

ಮೊದಲು ಅವಳು ಒಬ್ಬಳೇ, ರಸ್ತೆಯ ನಡುವೆ ನೆಟ್ಟಗೆ ನಡೆದಳು. ಆಮೇಲೆ ಒಂದು ಹೆಜ್ಜೆ ಎಡಕ್ಕೆ ಸರಿದಳು. ಬಸ್ಸಿನ ಸೀಟಿನಲ್ಲಿ ಪಕ್ಕದವರಿಗೆ ಜಾಗ ಕೊಡುತ್ತೇವಲ್ಲ, ಹಾಗೆ. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಬಿಸಿಲಿಗೆ ಅಂತ ಅಂದುಕೊಳ್ಳಬಹುದಿತ್ತು. ಆದರೆ ಮುಂಜಾನೆಯಿಂದ ಅದೇ ಬಿಸಿಲಿನಲ್ಲಿ ಬರೀ ತಲೆಯಲ್ಲಿ ನಿಂತಿದ್ದಳು. ನಾಲ್ಕು ಮಂದಿಯ ನಡುವೆ ಗಂಡ ಎದುರಿಗೆ ಬಂದರೆ ನಮ್ಮ ಕಡೆ ಹೆಂಗಸರು ಎಳೆದುಕೊಳ್ಳುವುದು ಹಾಗೆ.

ಅವಳ ನಡಿಗೆ ನಿಧಾನವಾಯಿತು. ನನ್ನ ಹಗ್ಗ ಅವಳ ಬೆನ್ನಿಗೆ ತಾಗಿತು.

ತಿರುಗದೇ ಹೇಳಿದಳು, “ಲೇ, ಸಣ್ಣಗ ನಡಿ. ಕಾಲು ಎತ್ತಾಕ ಆಗವಲ್ದು ಅವ್ರಿಗೆ.”

ನಾನು ನಿಧಾನ ಮಾಡಿದೆ. ಹಗ್ಗದ ಆಚೆ ತುದಿಯವನೂ ಮಾಡಿದ. ಇಡೀ ಮೆರವಣಿಗೆ ನಿಧಾನವಾಯಿತು. ಹಿಂದಿನವರಿಗೆ ಯಾಕೆ ಅಂತ ಗೊತ್ತಿರಲಿಲ್ಲ, ಆದರೂ ಕೂಗುವುದು ನಿಂತಿತು. ಬರೀ ಚಪ್ಪಲಿ ಸಪ್ಪಳ.

ಸರ್ಕಲ್ ದಾಟಿದೆವು. ಅವಳು ಇದ್ದಳು. ಆಗ ಬೆವರು ಒರೆಸಿಕೊಂಡೆ.

ಕಾರ್ಮಿಕ ಇಲಾಖೆಯ ಆಫೀಸಿನ ಮೆಟ್ಟಿಲ ಮೇಲೆ ಸಾಹೇಬರು ನಿಂತಿದ್ದರು, ಪಕ್ಕದಲ್ಲಿ ಗುತ್ತಿಗೆದಾರನ ಕಡೆಯವನೊಬ್ಬ. ಕಾಕಾ ಮಾತು ಶುರು ಮಾಡುವ ಮೊದಲೇ ಅತ್ತಿಗೆ ಮುಂದೆ ಹೋದಳು. ಹಣೆಯ ಕುಂಕುಮ ಬೆವರಿಗೆ ಇಳಿದಿತ್ತೋ, ತಾನೇ ಒರೆಸಿಕೊಂಡಿದ್ದಳೋ, ನೋಡಿದವರು ಯಾರೂ ಇಲ್ಲ. ಹಣೆ ಬರಿದಾಗಿತ್ತು.

“ಡಂಪ್ ಅಗಸ್ರಿ ಸಾಹೇಬ್ರ. ನನ್ನ ಗಂಡ ಅದರ ಕೆಳಗ ಅದಾನ.”

“ನೀವೇ ಅಲ್ವೇನಮ್ಮಾ ಬದುಕಿದ್ದಾನೆ ಅಂದಿದ್ದು?”

“ಅಂದಿದ್ದೆ. ಈಗ ಸತ್ತಾನ ಅಂತೀನಿ. ಇಷ್ಟು ಮಂದಿ ಮುಂದ ಅಂತೀನಿ.”

ಸಾಹೇಬರು ಗುತ್ತಿಗೆದಾರನ ಕಡೆಯವನನ್ನು ನೋಡಿದರು.  ಅಗೆಸುತ್ತೇವೆ ಅಂದರು.

ದರೋಜಿ ಬಸ್ಸಿನಲ್ಲಿ ನಾನು ಕೇಳಿದೆ. ಕೇಳಬಾರದಿತ್ತೇನೋ, ಆದರೆ ನನಗೆ ತಡೆಯಲಾಗಲಿಲ್ಲ. “ಅತ್ತಿಗಿ, ಅಣ್ಣ ಏನಂದ?”

ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. “ಏನೂ ಅನ್ಲಿಲ್ಲ. ಬಾಯಿ ತುಂಬ ಮಣ್ಣಿತ್ತು.”

ಅದೇ ವಾರ ಹಳೇ ಡಂಪಿಗೆ ಅಗೆಯುವ ಮಷಿನ್ ಬಂತು. ನನ್ನ ಟ್ಯಾಂಕರನ್ನೂ ಅಲ್ಲಿಗೆ ಕಳಿಸಿದರು, ಧೂಳು ಏಳಬಾರದು ಅಂತ. ಪೊಲೀಸರು, ಗಣಿಯವರು, ಕಾಕಾ, ಅತ್ತಿಗೆ ಎಲ್ಲ ರಸ್ತೆಯಲ್ಲಿ ನಿಂತಿದ್ದರು. ಮೇಲಿನ ಮಣ್ಣು ಒಣಗಿತ್ತು, ಒಳಗಿನದು ಇನ್ನೂ ಹಸಿ, ಮಳೆಗಾಲದಲ್ಲಿ ಇದ್ದ ಹಾಗೇ ಇತ್ತು. ಮುಂಜಾನೆಯೆಲ್ಲ ಮಷಿನ್ ಬಕೆಟ್ ತುಂಬಿ ತುಂಬಿ ಪಕ್ಕಕ್ಕೆ ಸುರಿಯಿತು. ಯಾರೋ ಇಲ್ಲಿಲ್ಲ ಅನಿಸುತ್ತದೆ ಅಂದರು. ಗಣಿಯವನೊಬ್ಬ ಊಟಕ್ಕೆ ಬಿಡೋಣವೇ ಅಂತ ಕೇಳಿದ.

ಆಗ ಮಷಿನ್ ನಡೆಸುವವನು ಬಕೆಟನ್ನು ಗಾಳಿಯಲ್ಲೇ ನಿಲ್ಲಿಸಿ ಎಂಜಿನ್ ಆಫ್ ಮಾಡಿದ. ಹೆಲ್ಮೆಟ್ ತೆಗೆದ. 

ಗುರುತು ಹಿಡಿಯಲು ಮನೆಯವರು ಬೇಕು ಅಂದರು ಪೊಲೀಸರು. ನಾನು ಟ್ಯಾಂಕರಿನಿಂದ ಇಳಿದೆ. ಅತ್ತಿಗೆ ಕೈ ಅಡ್ಡ ಹಿಡಿದಳು.

“ನೀ ನಿಲ್ಲು. ಹೆಂಗ ಅದಾರ ಅಂತ ನಾ ನೋಡೀನಿ. ನೀ ನೋಡಬ್ಯಾಡ.”

ಚಪ್ಪಲಿ ರಸ್ತೆಯಲ್ಲೇ ಬಿಟ್ಟು ಹಸಿ ಮಣ್ಣಿಗೆ ಇಳಿದಳು.